ಗಂಟೆಗೆ 48 ಡಾಲರ್ ಅಂದರೆ ವಾರಕ್ಕೆ ಎಷ್ಟು?

ಅಮೆರಿಕದಲ್ಲಿ ಕಟ್ಟಡ ಕೆಲಸದ ಯೂನಿಯನ್ ಸೇರಿದವರಿಗೆ ಗಂಟೆಯ ರೇಟು ಬಾಯಿಪಾಠ. ಬಡಗಿಗೆ ಇಷ್ಟು, ಪೈಪ್ ಕೆಲಸದವರಿಗೆ ಇಷ್ಟು, ಎಲೆಕ್ಟ್ರಿಷಿಯನ್‌ಗೆ ಇಷ್ಟು ಅಂತ ಥಟ್ಟನೆ ಹೇಳುತ್ತಾರೆ. ಆದರೆ ವಾರದ ಚೆಕ್ಕಿನಲ್ಲಿ ಎಷ್ಟು ಬರುತ್ತದೆ ಅನ್ನುವುದು ರೇಟಿಗಿಂತ ಹೆಚ್ಚಾಗಿ ಗಡಿಯಾರದ ಮೇಲೆ ನಿಂತಿದೆ. ಕೆಲಸ ಎಷ್ಟು ಹೊತ್ತಿಗೆ ಶುರುವಾಯಿತು, ಮನೆಗೆ ಹೋಗಿ ಅಂತ ಯಾರು ಯಾವಾಗ ಹೇಳಿದರು, ಅದು ಯಾವ ದಿನ, ಕಾರಣ ಏನು – ಇಷ್ಟು ಗೊತ್ತಿಲ್ಲದೆ ಲೆಕ್ಕ ಹಾಕಲು ಆಗುವುದೇ ಇಲ್ಲ. ಇದನ್ನು ಬರೆದಿಟ್ಟುಕೊಳ್ಳದವರು ದುಡಿದ ದುಡ್ಡನ್ನು ಸೈಟಿನಲ್ಲೇ ಬಿಟ್ಟು ಬರುತ್ತಾರೆ, ಅದೂ ವಾರ ವಾರ.

ಮೊದಲು ಎರಡು ಕಾಗದಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಒಂದು ದೇಶದ ಕಾನೂನು, 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್. ವಾರಕ್ಕೆ 40 ಗಂಟೆ ದಾಟಿದ ಮೇಲೆ ಒಂದೂವರೆ ಪಟ್ಟು ಕೊಡಬೇಕು ಅನ್ನುವುದು ಅದರ ಓಟಿ, ಅಂದರೆ ಓವರ್‌ಟೈಮ್ ನಿಯಮ. ದಿನಕ್ಕೆ ಎಷ್ಟು ಗಂಟೆ ದುಡಿಸಿದರು ಅಂತ ಅದು ಕೇಳುವುದಿಲ್ಲ. ಶನಿವಾರ, ಭಾನುವಾರ, ರಾತ್ರಿ, ರಜೆ ಯಾವುದಕ್ಕೂ ಅದರಲ್ಲಿ ಪ್ರತ್ಯೇಕ ದರ ಇಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳ ಕಾನೂನು ದಿನಕ್ಕೆ 8 ಗಂಟೆ ದಾಟಿದರೂ ಓಟಿ ಕೊಡಿ ಅನ್ನುತ್ತದೆ. ಆದರೆ ಯೂನಿಯನ್ ಒಪ್ಪಂದದಲ್ಲಿ ಓಟಿಗೆ ಹೆಚ್ಚಿನ ದರ ಇದ್ದು, ಕೂಲಿ ರಾಜ್ಯದ ಕನಿಷ್ಠ ವೇತನಕ್ಕಿಂತ ಕನಿಷ್ಠ 30 ಶೇಕಡಾ ಜಾಸ್ತಿ ಇದ್ದರೆ ಅಲ್ಲೂ ಒಪ್ಪಂದದ ಓಟಿ ನಿಯಮವೇ ನಡೆಯುತ್ತದೆ.

ಎರಡನೆಯ ಕಾಗದ ಆ ಒಪ್ಪಂದ. ಲೋಕಲ್, ಅಂದರೆ ಯೂನಿಯನ್ನಿನ ಸ್ಥಳೀಯ ಶಾಖೆಯೂ ಗುತ್ತಿಗೆದಾರರ ಸಂಘವೂ ಕೂತು ಕೆಲವು ವರ್ಷಗಳ ಅವಧಿಗೆ ಮಾಡಿಕೊಂಡ ಕರಾರು. ಸಾಮಾನ್ಯವಾಗಿ ಜೇಬಿಗೆ ಹಿಡಿಯುವ ಪುಸ್ತಕದ ರೂಪದಲ್ಲಿ ಸಿಗುತ್ತದೆ. ಗಡಿಯಾರದ ನಿಯಮಗಳೆಲ್ಲ ಅದರೊಳಗೇ ಇರುವುದು. ಒಂದು ಲೋಕಲ್‌ನ ಪುಸ್ತಕದಲ್ಲಿದ್ದದ್ದು ಪಕ್ಕದ ಲೋಕಲ್‌ನ ಪುಸ್ತಕದಲ್ಲಿ ಹಾಗೇ ಇರುತ್ತದೆ ಅಂತ ನಂಬಬೇಡಿ. ಕೆಳಗಿನ ಲೆಕ್ಕಕ್ಕೆ ಹಿಡಿದ ಅಂಕಿಗಳು ಉದಾಹರಣೆಯವು. ನಿಯಮಗಳು ಹಲವು ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕಾಣುವಂಥವು.

ಒಬ್ಬ ಬಡಗಿ ಇದ್ದಾನೆ ಅಂದುಕೊಳ್ಳಿ. ಮೂಲ ಕೂಲಿ ಗಂಟೆಗೆ 48 ಡಾಲರ್. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 7ರಿಂದ ಮಧ್ಯಾಹ್ನ 3:30, ನಡುವೆ ಅರ್ಧ ಗಂಟೆ ಊಟಕ್ಕೆ, ಅದಕ್ಕೆ ಕೂಲಿ ಇಲ್ಲ. ದಿನಕ್ಕೆ 8 ಗಂಟೆ ಆದಮೇಲೆ ಮೊದಲ 2 ಗಂಟೆಗೆ ಒಂದೂವರೆ ಪಟ್ಟು, ಅಂದರೆ 72 ಡಾಲರ್. ಅದನ್ನೂ ದಾಟಿದರೆ ಡಬಲ್, 96 ಡಾಲರ್. ಶನಿವಾರ ಮೊದಲ 8 ಗಂಟೆಗೆ ಒಂದೂವರೆ, ಭಾನುವಾರ ಮತ್ತು ರಜಾದಿನ ಡಬಲ್. ಇನ್ನು ಅವನ ವಾರ ನೋಡೋಣ.

ಸೋಮವಾರ ಏನೂ ವಿಶೇಷ ಇಲ್ಲ. 8 ಗಂಟೆ, 384 ಡಾಲರ್.

ಮಂಗಳವಾರ ಕಾಂಕ್ರೀಟಿಗೆ ಮೊದಲು ಶಟರಿಂಗ್ ಮುಗಿಸಲೇಬೇಕು ಅಂತ 11 ಗಂಟೆ ದುಡಿದ. 8 ಗಂಟೆಗೆ 384, ಮುಂದಿನ 2 ಗಂಟೆಗೆ 144, ಕೊನೆಯ ಒಂದು ಗಂಟೆಗೆ 96. ಒಟ್ಟು 624.

ಬುಧವಾರ 7ಕ್ಕೆ ಬಂದರೆ ಜಡಿಮಳೆ. ನಿಂತೀತು, ಕಾಯಿರಿ ಅಂದರು. 8:30ಕ್ಕೆ ಮನೆಗೆ ಕಳಿಸಿದರು. ಸುತ್ತಿಗೆ ಎತ್ತಲೇ ಇಲ್ಲ. ಇಲ್ಲಿ ಬರುವುದು ಶೋ-ಅಪ್ ಪೇ, ಬಂದದ್ದಕ್ಕೆ ಕೂಲಿ: 2 ಗಂಟೆ, 96 ಡಾಲರ್.

ಗುರುವಾರ ಕೆಲಸ ಶುರುವಾಯಿತು, 10:30ಕ್ಕೆ ಕಾಂಕ್ರೀಟ್ ಪಂಪ್ ಕೆಟ್ಟಿತು, ಎಲ್ಲರನ್ನೂ ಬಿಟ್ಟರು. ದುಡಿದದ್ದು ಮೂರೂವರೆ ಗಂಟೆ. ಕೆಲಸಕ್ಕೆ ಕೈ ಹಾಕಿಸಿದ ಮೇಲೆ ಕನಿಷ್ಠ 4 ಗಂಟೆ ಕೊಡಬೇಕು ಅನ್ನುವುದು ಒಪ್ಪಂದ. 192 ಡಾಲರ್. ಕೆಲವು ಒಪ್ಪಂದಗಳಲ್ಲಿ 4 ಗಂಟೆ ದಾಟಿದ ಕ್ಷಣಕ್ಕೆ ಪೂರ್ತಿ 8 ಗಂಟೆ ಕೊಡಬೇಕಾಗುತ್ತದೆ. ಊಟಕ್ಕೆ ಸ್ವಲ್ಪ ಮೊದಲೇ ಮನೆಗೆ ಕಳಿಸುವ ಪರಿಪಾಠ ಎಲ್ಲಿಂದ ಬಂತು ಅಂತ ಇದರಿಂದ ತಿಳಿಯುತ್ತದೆ.

ಶುಕ್ರವಾರ ಮತ್ತೆ 8 ಗಂಟೆ, 384. ಶನಿವಾರವೂ ಕರೆದರು, 8 ಗಂಟೆ ದುಡಿದ, ಒಂದೂವರೆ ಪಟ್ಟಿನಲ್ಲಿ 576.

ಕೂಡಿಸಿದರೆ 2,256 ಡಾಲರ್. ಈಗ ಇದೇ ವಾರವನ್ನು ಬರೀ ದೇಶದ ಕಾನೂನಿನಲ್ಲಿ ಎಣಿಸಿ. 8, 11, ಬುಧವಾರ ಕಾದ ಒಂದೂವರೆ, ಗುರುವಾರದ ಮೂರೂವರೆ, 8, ಮತ್ತೆ 8. ಸರಿಯಾಗಿ 40 ಗಂಟೆ. ನಲವತ್ತು ದಾಟಿಲ್ಲವಾದ್ದರಿಂದ ಓಟಿ ಒಂದು ಪೈಸೆಯೂ ಇಲ್ಲ: 1,920 ಡಾಲರ್. ಅದೇ ಮಳೆ, ಅದೇ ಪಂಪು, ಅದೇ ಮನುಷ್ಯ. ವ್ಯತ್ಯಾಸ 336 ಡಾಲರ್. ಹನ್ನೊಂದು ಗಂಟೆಯ ದಿನದ ದಣಿವು ವಾರದ ಮೊತ್ತದಲ್ಲಿ ಕಾಣುವುದಿಲ್ಲ. ಅದಕ್ಕೇ ದಿನದ ಲೆಕ್ಕಕ್ಕೆ ಈ ಜನ ಅಷ್ಟು ಹಿಂದಿನಿಂದ ಹೋರಾಡಿದ್ದು. ಫಿಲಡೆಲ್ಫಿಯಾದ ಬಡಗಿಗಳು ದಿನಕ್ಕೆ 10 ಗಂಟೆಯ ಕೆಲಸ ಸಾಕು ಅಂತ ಮುಷ್ಕರ ಹೂಡಿದ್ದು 1791ರಲ್ಲಿ.

ದುಡ್ಡು ಕೈತಪ್ಪುವುದು ಬುಧವಾರ ಮತ್ತು ಶನಿವಾರ. ಎರಡನ್ನೂ ಬಿಡಿಸಿ ನೋಡಬೇಕು.

ಬುಧವಾರದ್ದು ಮೊದಲು. ಇವತ್ತು ಬರಬೇಡಿ ಅಂತ ಗುತ್ತಿಗೆದಾರ ಮುಂಚೆಯೇ ತಿಳಿಸಿದ್ದರೆ ಶೋ-ಅಪ್ ಪೇ ಇಲ್ಲ. ಎಷ್ಟು ಮುಂಚೆ ಅನ್ನುವುದು ಒಪ್ಪಂದದಲ್ಲಿ ಬರೆದಿರುತ್ತದೆ: ಹಿಂದಿನ ದಿನ ಕೆಲಸ ಬಿಡುವ ಹೊತ್ತಿಗೋ, ಅಥವಾ ಶುರುವಾಗಲು ಇಷ್ಟು ಗಂಟೆ ಮೊದಲು ಫೋನಿನಲ್ಲೋ. ಹಾಗಾಗಿ ಕಂಪನಿಯ ಬಳಿ ನಿಮ್ಮ ಸರಿಯಾದ ಫೋನ್ ನಂಬರ್ ಇರಲೇಬೇಕು. ಕರೆ ಮಾಡಿದೆವು, ಸಿಗಲಿಲ್ಲ ಅಂದರೆ ವಾದ ಅಲ್ಲಿಗೇ ಮುಗಿಯಿತು. ಕೆಲವು ಪುಸ್ತಕಗಳು ಮಳೆ ಹಿಮಕ್ಕೆ ಶೋ-ಅಪ್ ಪೇ ಇಲ್ಲ ಅಂತ ನೇರವಾಗಿ ಹೇಳುತ್ತವೆ, ಅದನ್ನು ಮೊದಲೇ ಓದಿಕೊಂಡಿರಿ. ಇನ್ನೊಂದು, ಆ 2 ಗಂಟೆ ಸೈಟಿನಲ್ಲೇ ಇರಿ ಅಂದರೆ ಇರಬೇಕು. ಸೂರಿನಡಿ ಕಸ ಗುಡಿಸಲು ಹೇಳಿದರೂ ಗುಡಿಸಬೇಕು. ಫೋರ್‌ಮನ್ ಹೋಗಿ ಅನ್ನುವ ಮೊದಲೇ ಮುಗಿಲು ನೋಡಿ ಗಾಡಿ ಹತ್ತಿದವರಿಗೆ ಏನೂ ಸಿಗುವುದಿಲ್ಲ. ಅದಕ್ಕೆ ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯಿರಿ:

ಬುಧ. 6:50 ಗೇಟು. 7:00 ಟೂಲ್ ಶೆಡ್ ಹತ್ತಿರ. ಮಳೆ. ಕಾಯಿರಿ ಅಂದರು. 8:30 ಫೋರ್‌ಮನ್ ಮನೆಗೆ ಹೋಗಿ ಅಂದರು, ನಾವು ಆರು ಜನ ಇದ್ದೆವು.

ಮೂರು ಸಾಲು ಸಾಕು. ಜೊತೆಗಿದ್ದವರ ಹೆಸರು ಬರೆದರೆ ಇನ್ನೂ ಗಟ್ಟಿ. ತಿಂಗಳಾದ ಮೇಲೆ ನೆನಪಿನಿಂದ ಹೇಳಿದ ಮಾತಿಗೂ ಆ ಹೊತ್ತಿಗೇ ಬರೆದ ಸಾಲಿಗೂ ಇರುವ ತೂಕವೇ ಬೇರೆ.

ಶನಿವಾರದ್ದು ಇನ್ನೂ ಸೂಕ್ಷ್ಮ. ಹಲವು ಒಪ್ಪಂದಗಳಲ್ಲಿ ಮೇಕಪ್ ಡೇ ಅಂತ ಒಂದು ನಿಯಮ ಇದೆ. ಮಳೆಯಿಂದ ವಾರದಲ್ಲಿ ದಿನ ಕಳೆದುಹೋದರೆ ಶನಿವಾರ ಅದನ್ನು ಸರಿದೂಗಿಸಬಹುದು, ಓಟಿ ಇಲ್ಲದೆ ಮೂಲ ಕೂಲಿಯಲ್ಲೇ. ನಮ್ಮ ಬಡಗಿಯ ಶನಿವಾರವನ್ನು ಹಾಗೆ ಎಣಿಸಿದರೆ 576 ಹೋಗಿ 384 ಆಗುತ್ತದೆ, ವಾರದ ಮೊತ್ತ 2,064ಕ್ಕೆ ಇಳಿಯುತ್ತದೆ. ಕೆಲಸವೇ ಇಲ್ಲದ ವಾರಕ್ಕಿಂತ ಇದು ವಾಸಿ ಅನ್ನುವುದು ನಿಜ. ಮಳೆಗಾಲದಲ್ಲಿ ಇದನ್ನು ಬೇಕು ಅನ್ನುವವರು ಕಾರ್ಮಿಕರಲ್ಲೇ ಬಹಳ ಜನ ಇದ್ದಾರೆ. ಆದರೆ ಇದಕ್ಕೆ ಷರತ್ತುಗಳಿವೆ. ಕಳೆದುಹೋದದ್ದು ಹವಾಮಾನದಿಂದಲೇ ಆಗಿರಬೇಕು. ಪಂಪ್ ಕೆಟ್ಟದ್ದು, ಸಾಮಾನು ಬಾರದ್ದು ಇದರೊಳಗೆ ಬರುತ್ತದೋ ಇಲ್ಲವೋ ಅಂತ ಪುಸ್ತಕದ ಪದ ನೋಡಿ. ಬರುವುದು ಕಾರ್ಮಿಕರ ಇಚ್ಛೆಗೆ ಬಿಟ್ಟದ್ದೋ ಅಂತಲೂ ನೋಡಿ. ಬಾರದವರಿಗೆ ತೊಂದರೆ ಕೊಡಬಾರದು ಅಂತ ಎಷ್ಟೋ ಕಡೆ ಬರೆದಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಮೇಕಪ್ ಡೇ ಅಂತ ಮೊದಲೇ ಹೇಳಿ ಕರೆದಿರಬೇಕು. ಓಟಿ ಅಂತ ಕರೆದು, ಚೆಕ್ಕು ಬರೆಯುವಾಗ ಮೇಕಪ್ ಅಂದರೆ ಒಪ್ಪಬೇಕಾಗಿಲ್ಲ.

ಇಲ್ಲಿ ಪೇರೋಲ್, ಅಂದರೆ ಕೂಲಿ ಲೆಕ್ಕ ಹಾಕುವ ಕಚೇರಿಯಲ್ಲಿ ಇನ್ನೊಂದು ತಪ್ಪು ಆಗುತ್ತದೆ. ಮೇಕಪ್ ವಾರ ಅಂದಕೂಡಲೇ ಸಾಫ್ಟ್‌ವೇರಿನಲ್ಲಿ 40 ಗಂಟೆಯವರೆಗೂ ಮೂಲ ಕೂಲಿ ಅಂತ ಇಟ್ಟುಬಿಡುತ್ತಾರೆ. ಆಗ ಮಂಗಳವಾರದ 3 ಗಂಟೆ ಓಟಿಯೂ ನುಂಗಿಹೋಗುತ್ತದೆ. ಮೇಕಪ್ ನಿಯಮ ಮುಟ್ಟುವುದು ಶನಿವಾರದ ದರವನ್ನು ಮಾತ್ರ. ದಿನದ ಓಟಿ ಆವತ್ತಿಗೇ ಹಕ್ಕಾಗಿ ಬಂದದ್ದು, ಅದು ಮುಂದೆ ಬಂದ ಮಳೆಯಲ್ಲಿ ಕೊಚ್ಚಿಹೋಗುವಂಥದ್ದಲ್ಲ.

ಗಂಟೆ ಯಾವಾಗ ಶುರು, ಎಲ್ಲಿಂದ ಶುರು ಅನ್ನುವುದೂ ಜಗಳದ ವಿಷಯವೇ. 1947ರ ಪೋರ್ಟಲ್-ಟು-ಪೋರ್ಟಲ್ ಕಾನೂನಿನಿಂದಾಗಿ ಮನೆಯಿಂದ ಸೈಟಿಗೆ ಬರುವ ಹೊತ್ತು ಸಾಮಾನ್ಯವಾಗಿ ಕೂಲಿಗೆ ಸೇರುವುದಿಲ್ಲ. ಒಮ್ಮೆ ಕೆಲಸ ಶುರುವಾದ ಮೇಲೆ ಒಂದು ಸೈಟಿನಿಂದ ಇನ್ನೊಂದಕ್ಕೆ ಕಳಿಸಿದರೆ ದಾರಿಯ ಹೊತ್ತು ಕೆಲಸದ ಹೊತ್ತೇ. ದೊಡ್ಡ ಸೈಟುಗಳಲ್ಲಿ ಪಾರ್ಕಿಂಗ್‌ನಿಂದ ಕೆಲಸದ ಜಾಗಕ್ಕೆ ನಡೆಯಲು ಇಪ್ಪತ್ತು ನಿಮಿಷ ಬೇಕಾಗಬಹುದು. 7 ಗಂಟೆ ಅಂದರೆ ಗೇಟಿನಲ್ಲೋ, ಟೂಲ್ ಶೆಡ್‌ನಲ್ಲೋ, ಹನ್ನೆರಡನೆಯ ಮಹಡಿಯಲ್ಲೋ ಅನ್ನುವುದನ್ನು ಒಪ್ಪಂದದಿಂದಲೋ ಕೆಲಸ ಶುರುವಾಗುವ ಮುಂಚಿನ ಸಭೆಯಿಂದಲೋ ಖಚಿತ ಮಾಡಿಕೊಳ್ಳಿ. ಸಂಜೆ ಉಪಕರಣ ಒಳಗಿಡುವ ಹೊತ್ತಿಗೂ ಅದೇ ಮಾತು. ಊಟದ ಬಿಡುವಿಗೂ ಹೊತ್ತು ಗೊತ್ತುಮಾಡಿರುತ್ತಾರೆ. ಕಾಂಕ್ರೀಟ್ ಸುರಿಯುತ್ತಿರುವಾಗ ಊಟ ತಪ್ಪಿಸಿ ದುಡಿಸಿದರೆ, ಊಟಕ್ಕೆ ಬಿಡುವವರೆಗೆ ಓಟಿ ದರ ಅನ್ನುವ ನಿಯಮ ಅನೇಕ ಪುಸ್ತಕಗಳಲ್ಲಿದೆ. ಇದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ಕೊಡುವುದಿಲ್ಲ.

ನಾಲ್ಕು ದಿನ ಹತ್ತು ಗಂಟೆಯ ವೇಳಾಪಟ್ಟಿ ಇದ್ದರೆ ದಿನದ ಓಟಿ ಹತ್ತರ ಮೇಲೆ ಶುರುವಾಗುತ್ತದೆ, ಶುಕ್ರವಾರ ಮೇಕಪ್ ಡೇ ಆಗುತ್ತದೆ. ಆದರೆ ಬೇಕೆಂದ ವಾರ ಹತ್ತು, ಬೇಡವೆಂದ ವಾರ ಎಂಟು ಅಂತ ಬದಲಿಸುತ್ತಾ ಹೋಗಲು ಒಪ್ಪಂದಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಮುಂಚೆ ಯೂನಿಯನ್‌ಗೆ ತಿಳಿಸಿ, ಇಂತಿಷ್ಟು ದಿನ ನಡೆಸಬೇಕು.

ಇನ್ನು ಶಿಫ್ಟು. ಎಲೆಕ್ಟ್ರಿಷಿಯನ್‌ಗಳ ಯೂನಿಯನ್ ಐಬಿಇಡಬ್ಲ್ಯೂನ ಹಲವು ಒಪ್ಪಂದಗಳಲ್ಲಿ ಎರಡನೆಯ ಶಿಫ್ಟಿಗೆ 17.3 ಶೇಕಡಾ, ಮೂರನೆಯದಕ್ಕೆ 31.4 ಶೇಕಡಾ ಹೆಚ್ಚು ಅಂತ ಇರುತ್ತದೆ. ಹೊಸಬರು ಈ ಅಂಕಿ ನೋಡಿ ಗಲಿಬಿಲಿಯಾಗುತ್ತಾರೆ. ಇದರ ಮೂಲ ಹಳೆಯ ನಿಯಮದಲ್ಲಿದೆ. ಎರಡನೆಯ ಶಿಫ್ಟಿನವರು ಏಳೂವರೆ ಗಂಟೆ ದುಡಿದರೆ 8 ಗಂಟೆಯ ಕೂಲಿ, ಅದರ ಮೇಲೆ 10 ಶೇಕಡಾ. 8ಕ್ಕೆ ಹತ್ತು ಶೇಕಡಾ ಸೇರಿಸಿದರೆ 8.8, ಅದನ್ನು 7.5ರಿಂದ ಭಾಗಿಸಿದರೆ 1.173. ಮೂರನೆಯ ಶಿಫ್ಟಿಗೆ 7 ಗಂಟೆ ದುಡಿದರೆ 8 ಗಂಟೆಯ ಕೂಲಿ, ಮೇಲೆ 15 ಶೇಕಡಾ. 9.2ನ್ನು 7ರಿಂದ ಭಾಗಿಸಿದರೆ 1.314. ಕಡಿಮೆ ಗಂಟೆಯ ಅನುಕೂಲವನ್ನೆಲ್ಲ ಗಂಟೆಯ ದರದೊಳಗೆ ಸೇರಿಸಿ, ಎಲ್ಲ ಶಿಫ್ಟನ್ನೂ 8 ಗಂಟೆ ಮಾಡಿದರು. ನಮ್ಮ 48 ಡಾಲರ್‌ಗೆ ಎರಡನೆಯ ಶಿಫ್ಟಿನಲ್ಲಿ 56.30, ಮೂರನೆಯದರಲ್ಲಿ 63.07. ಆ ಶಿಫ್ಟು ಮುಗಿದ ಮೇಲೆ ಓಟಿ ಬಂದರೆ ಒಂದೂವರೆ ಪಟ್ಟು ಕಟ್ಟಬೇಕಾದದ್ದು 56.30ಕ್ಕೆ, 48ಕ್ಕಲ್ಲ. ಪೇರೋಲಿನಲ್ಲಿ ಪದೇ ಪದೇ ತಪ್ಪುವುದು ಇಲ್ಲೇ. ಹಾಗೆಂದು ಒಂದರ ಮೇಲೊಂದು ಹೆಚ್ಚುವರಿ ಹೇರಿಕೊಂಡು ಹೋಗಲೂ ಆಗದು. ಯಾವ ಗಂಟೆಗೂ ಮೂಲ ಕೂಲಿಯ ಎರಡು ಪಟ್ಟೇ ಮಿತಿ. ಜೊತೆಗೆ ಶಿಫ್ಟು ಅಂತ ಕರೆಯಬೇಕಾದರೆ ಕನಿಷ್ಠ ಐದು ದಿನ ಸತತವಾಗಿ ನಡೆಯಬೇಕು. ಎರಡು ರಾತ್ರಿ ಕರೆಸಿ ಶಿಫ್ಟ್ ದರ ಕೊಟ್ಟರೆ ಅದು ಶಿಫ್ಟಲ್ಲ, ಓಟಿ.

ಇಷ್ಟು ಹೊತ್ತು ಹೇಳಿದ್ದು ಚೆಕ್ಕಿನಲ್ಲಿ ಕಾಣುವ ದುಡ್ಡು. ಕಾಣದ್ದು ಫ್ರಿಂಜ್: ಆರೋಗ್ಯ ವಿಮೆ, ಪಿಂಚಣಿ, ತರಬೇತಿ ನಿಧಿಗೆ ಗುತ್ತಿಗೆದಾರ ಕಟ್ಟುವ ಹಣ. ಕೂಲಿಯ ಅರ್ಧಕ್ಕಿಂತ ಹೆಚ್ಚಿರುವುದೂ ಉಂಟು. ಇದು ಹೋಗುವುದು ಟ್ರಸ್ಟ್ ನಿಧಿಗಳಿಗೆ. 1947ರ ಟಾಫ್ಟ್-ಹಾರ್ಟ್ಲಿ ಕಾನೂನಿನ ಪ್ರಕಾರ ಅವುಗಳ ಆಡಳಿತದಲ್ಲಿ ಯೂನಿಯನ್ ಕಡೆಯವರೂ ಮಾಲೀಕರ ಕಡೆಯವರೂ ಸಮಸಮ ಇರಬೇಕು. ಫ್ರಿಂಜ್ ಗಂಟೆಗೆ 30 ಡಾಲರ್ ಅಂತ ಹಿಡಿಯೋಣ. ಯಾವ ಗಂಟೆಗೆ? ದುಡಿದ ಗಂಟೆಗೋ, ಕೂಲಿ ಕೊಟ್ಟ ಗಂಟೆಗೋ? ನಮ್ಮ ಬಡಗಿ ಕೈಯಾರೆ ದುಡಿದದ್ದು ಮೂವತ್ತೆಂಟೂವರೆ ಗಂಟೆ. ಆ ಲೆಕ್ಕದಲ್ಲಿ ನಿಧಿಗೆ 1,155 ಡಾಲರ್. ಕೂಲಿ ಕೊಟ್ಟ ಗಂಟೆ ಅಂದರೆ, ಡಬಲ್ ಟೈಮ್‌ನ ಒಂದು ಗಂಟೆ ಎರಡಾಗಿ, ಒಂದೂವರೆಯದು ಒಂದೂವರೆಯಾಗಿ ಎಣಿಕೆ: 47 ಗಂಟೆ, 1,410 ಡಾಲರ್. ಒಂದೇ ವಾರಕ್ಕೆ 255 ಡಾಲರ್ ವ್ಯತ್ಯಾಸ, ಅದೂ ಮುಪ್ಪಿನ ಕಾಲದ ದುಡ್ಡಿನಲ್ಲಿ. ಒಪ್ಪಂದದಲ್ಲಿ ಈ ಎರಡು ಪದಗಳಲ್ಲಿ ಯಾವುದಿದೆ ಅಂತ ಇವತ್ತೇ ತೆಗೆದು ನೋಡಿ. ಒಂದೇ ಪುಸ್ತಕದಲ್ಲಿ ಪಿಂಚಣಿಗೆ ಒಂದು, ವಿಮೆಗೆ ಇನ್ನೊಂದು ಇರುವುದೂ ಇದೆ.

ಅಷ್ಟೇ ಅಲ್ಲ, ವಿಮೆ ನಿಂತಿರುವುದೇ ಗಂಟೆಗಳ ಮೇಲೆ. ಬಹಳಷ್ಟು ನಿಧಿಗಳಲ್ಲಿ ಅವರ್ ಬ್ಯಾಂಕ್ ಇರುತ್ತದೆ. ಒಂದು ತಿಂಗಳ ವಿಮೆಗೆ ಇಂತಿಷ್ಟು ಗಂಟೆ ಕಡಿತ, ಮಿಕ್ಕಿದ್ದು ಮುಂದಿನ ಬಿಡುವಿನ ತಿಂಗಳಿಗೆ ಕೂಡಿಡುವುದು. ತಿಂಗಳಿಗೆ 120 ಗಂಟೆ ಬೇಕಾದ ನಿಧಿಯಲ್ಲಿ 160 ಗಂಟೆ ದುಡಿದವರಿಗೆ 40 ಉಳಿಯುತ್ತದೆ, ಮೂರು ತಿಂಗಳಿಗೆ ಒಂದು ತಿಂಗಳ ವಿಮೆ ಜಮಾ. ಗುತ್ತಿಗೆದಾರ 20 ಗಂಟೆ ಕಡಿಮೆ ತೋರಿಸಿದರೆ ಅದು ತಿಳಿಯುವುದು ಚಳಿಗಾಲದಲ್ಲಿ, ಕೆಲಸ ಇಲ್ಲದಾಗ, ಆಸ್ಪತ್ರೆಯ ಕೌಂಟರಿನಲ್ಲಿ. ಪಿಂಚಣಿಯದ್ದೂ ಹೀಗೇ. ಪಿಂಚಣಿಯ ಹಕ್ಕು ಗಟ್ಟಿಯಾಗಲು 1974ರ ಎರಿಸಾ ಕಾನೂನಿನಲ್ಲಿ ಸೇವೆಯ ಒಂದು ವರ್ಷ ಅಂದರೆ 1,000 ಗಂಟೆ. ವರ್ಷದಲ್ಲಿ 500 ಗಂಟೆ ದಾಟದಿದ್ದರೆ ಸೇವೆಯಲ್ಲಿ ಬಿರುಕು ಬಿದ್ದ ವರ್ಷ ಅಂತ ಎಣಿಸಬಹುದು. ವರ್ಷದ ಕೊನೆಯಲ್ಲಿ 985 ಗಂಟೆಗೆ ನಿಂತಿದ್ದರೆ ಎರಡು ಶನಿವಾರದ ಕೆಲಸಕ್ಕೆ ಕೂಲಿಗಿಂತ ಹೆಚ್ಚಿನ ಬೆಲೆ ಇದೆ.

ರಜೆ ನಿಧಿಯ ಬಗ್ಗೆ ಒಂದು ಮಾತು. ಹಲವು ಕಡೆ ಅದು ಕೂಲಿಯ ಭಾಗವೇ, ತೆರಿಗೆ ಹಿಡಿದಾದ ಮೇಲೆ ತೆಗೆದಿಡುತ್ತಾರೆ. ಚೆಕ್ಕು ಸಣ್ಣದಾಗಿ ಕಂಡರೂ ಆ ದುಡ್ಡು ನಿಮ್ಮದೇ. ಯೂನಿಯನ್ ಚಂದಾವನ್ನು ಚೆಕ್ಕಿನಿಂದ ಮುರಿದುಕೊಳ್ಳಲು ನಿಮ್ಮ ಸಹಿ ಇರುವ ಒಪ್ಪಿಗೆ ಪತ್ರ ಬೇಕು.

ಕೇಂದ್ರ ಸರ್ಕಾರದ ಕಾಮಗಾರಿಗೆ ಹೋದರೆ ಇನ್ನೊಂದು ಕಾನೂನು ಜೊತೆಯಾಗುತ್ತದೆ, 1931ರ ಡೇವಿಸ್-ಬೇಕನ್ ಆಕ್ಟ್. 2,000 ಡಾಲರ್ ಮೀರಿದ ನಿರ್ಮಾಣ ಗುತ್ತಿಗೆಗೆ ಅನ್ವಯ. ಆ ಪ್ರದೇಶದಲ್ಲಿ ರೂಢಿಯಲ್ಲಿರುವ ಕೂಲಿ ಮತ್ತು ಫ್ರಿಂಜ್ ಎರಡನ್ನೂ ಕೊಡಬೇಕು, ವಾರ ವಾರ ಕೊಡಬೇಕು, ಲೆಕ್ಕ ಸರಿ ಇದೆ ಅಂತ ಸಹಿ ಮಾಡಿದ ಪೇರೋಲ್ ಪಟ್ಟಿಯನ್ನು ವಾರ ವಾರ ಸಲ್ಲಿಸಬೇಕು. ಡಬ್ಲ್ಯೂಎಚ್-347 ಅನ್ನುವ ನಮೂನೆ ಅದಕ್ಕೇ ಇರುವುದು. ಇದರಲ್ಲಿ ಓಟಿ ಲೆಕ್ಕಕ್ಕೆ ಒಂದೂವರೆ ಪಟ್ಟು ಆಗುವುದು ಮೂಲ ಕೂಲಿ ಮಾತ್ರ. ಫ್ರಿಂಜ್ ಹಾಗೇ ಉಳಿಯುತ್ತದೆ. 48ಕ್ಕೆ 72, ಅದಕ್ಕೆ 30 ಸೇರಿ 102 ಡಾಲರ್. 78ನ್ನು ಒಂದೂವರೆ ಮಾಡಿ 117 ಕೇಳಿದರೆ ಸಿಗುವುದಿಲ್ಲ. ಅಪ್ರೆಂಟಿಸ್‌ಗಳ ವಿಷಯದಲ್ಲಿ ಈ ಕಾನೂನು ಬಿಗಿ. ನೋಂದಾಯಿತ ತರಬೇತಿಯಲ್ಲಿ ಹೆಸರು ಇರುವವರಿಗೆ ಮಾತ್ರ ಅಪ್ರೆಂಟಿಸ್ ದರ ಕೊಡಬಹುದು. ಅನುಮತಿಸಿದ ಅನುಪಾತಕ್ಕಿಂತ ಹೆಚ್ಚು ಅಪ್ರೆಂಟಿಸ್‌ಗಳನ್ನು ನಿಲ್ಲಿಸಿಕೊಂಡರೆ ಹೆಚ್ಚಾದವರಿಗೆ ಪೂರ್ತಿ ಪಳಗಿದ ಕೆಲಸಗಾರನ ಕೂಲಿ.

ಅಪ್ರೆಂಟಿಸ್ ಕೂಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಪಳಗಿದವರ ಕೂಲಿಯ ಶೇಕಡಾವಾರು. ಏರಲು ಗಂಟೆಯೂ ತುಂಬಬೇಕು, ತರಗತಿಯೂ ಮುಗಿಯಬೇಕು. ಎರಡೂ ಮುಗಿದರೂ ತರಬೇತಿ ಸಮಿತಿಯ ಪತ್ರ ಪೇರೋಲಿಗೆ ತಲುಪುವವರೆಗೆ ಹಳೆಯ ದರವೇ ಓಡುತ್ತಿರುತ್ತದೆ. ಪತ್ರದ ಒಂದು ಪ್ರತಿ ನೀವೇ ಇಟ್ಟುಕೊಂಡು, ಆ ವಾರದ ಚೆಕ್ಕಿನೊಂದಿಗೆ ಹೋಲಿಸಿ.

ತಪ್ಪು ಕಂಡರೆ ಮೊದಲು ಫೋರ್‌ಮನ್ ಜೊತೆ ಮಾತು. ಬಹಳ ತಪ್ಪುಗಳು ಅಲ್ಲೇ, ಮುಂದಿನ ಚೆಕ್ಕಿನಲ್ಲೇ ಸರಿಹೋಗುತ್ತವೆ. ಹೋಗದಿದ್ದರೆ ಸ್ಟೂವರ್ಡ್, ಅಂದರೆ ಸೈಟಿನಲ್ಲಿ ಯೂನಿಯನ್ ಪರ ನಿಲ್ಲುವ ಕೆಲಸಗಾರ, ಆಮೇಲೆ ಲೋಕಲ್‌ನ ಪ್ರತಿನಿಧಿಯಾದ ಬಿಸಿನೆಸ್ ಏಜೆಂಟ್, ಆಮೇಲೆ ಲಿಖಿತ ದೂರು, ಎರಡೂ ಕಡೆಯ ಜಂಟಿ ಸಮಿತಿ, ಕೊನೆಗೆ ಪಂಚಾಯ್ತಿದಾರರ ತೀರ್ಪು. ಲಿಖಿತ ದೂರಿಗೆ ಗಡುವು ಇರುತ್ತದೆ, ಅನೇಕ ಕಡೆ ಬರೀ ಕೆಲವೇ ದಿನ. ಸರಿ ಮಾಡಿಸುತ್ತೇವೆ ಅನ್ನುವ ಬಾಯಿಮಾತಿಗೆ ಆ ಗಡುವು ನಿಲ್ಲುವುದಿಲ್ಲ. ಮಾತುಕತೆ ನಡೆಯುತ್ತಿರಲಿ, ಪಕ್ಕದಲ್ಲಿ ಕಾಗದವೂ ಹೋಗಲಿ. ದೂರಿನಲ್ಲಿ ಸಿಟ್ಟು ಬೇಡ. ತಾರೀಕು, ಹೊತ್ತು, ಒಪ್ಪಂದದ ಯಾವ ವಿಧಿ, ಬಂದದ್ದೆಷ್ಟು, ಬರಬೇಕಾದದ್ದೆಷ್ಟು. ಶನಿವಾರ 8 ಗಂಟೆ, ಕೊಟ್ಟದ್ದು 384, ಬರಬೇಕಾದದ್ದು 576, ಬಾಕಿ 192.

ಫ್ರಿಂಜ್ ತಪ್ಪನ್ನು ಚೆಕ್ಕು ನೋಡಿ ಹಿಡಿಯಲು ಆಗುವುದಿಲ್ಲ. ಗುತ್ತಿಗೆದಾರ ನಿಧಿಗೆ ತಿಂಗಳಿಗೊಮ್ಮೆ ವರದಿ ಕಳಿಸುತ್ತಾನೆ, ಒಂದು ತಿಂಗಳದ್ದು ಮುಂದಿನ ತಿಂಗಳು. ನಿಧಿಯ ಕಚೇರಿಯಿಂದ ಬರುವ ಗಂಟೆಗಳ ಪಟ್ಟಿಯನ್ನು ಚೆಕ್ಕಿನ ಚೀಟಿಗಳ ಜೊತೆ ಇಟ್ಟು ಒಂದೊಂದೇ ತಿಂಗಳು ಗುರುತು ಹಾಕುತ್ತಾ ಬನ್ನಿ. ತಿಂಗಳ ಕೊನೆಯ ವಾರ ಯಾವ ತಿಂಗಳಿಗೆ ಸೇರಿತು ಅನ್ನುವುದರಿಂದ ಸ್ವಲ್ಪ ಹಿಂದುಮುಂದು ಇರುತ್ತದೆ, ಅದು ಮುಂದಿನ ಪಟ್ಟಿಯಲ್ಲಿ ಸರಿಹೋಗಬೇಕು. ಎರಡನೆಯ ತಿಂಗಳೂ ಸರಿಹೋಗದಿದ್ದರೆ ಚೀಟಿಗಳ ಪ್ರತಿ ತೆಗೆದುಕೊಂಡು ನಿಧಿಯ ಕಚೇರಿಗೆ ಹೋಗಿ. ಗುತ್ತಿಗೆದಾರರ ಲೆಕ್ಕದ ಪುಸ್ತಕ ತಪಾಸಣೆ ಮಾಡುವ ಅಧಿಕಾರ ಆ ನಿಧಿಗಳಿಗೆ ಸಾಮಾನ್ಯವಾಗಿ ಇರುತ್ತದೆ, ಮತ್ತು ಆ ತಪಾಸಣೆ ಶುರುವಾಗುವುದು ಎಷ್ಟೋ ಸಲ ಒಬ್ಬ ಕೆಲಸಗಾರ ತಂದ ಇಂಥ ನಾಲ್ಕು ಚೀಟಿಗಳಿಂದ.